ಅವಿರೋಧ ಆಯ್ಕೆ

ಬೆಟಗೇರಿಯ ಆ ನರ್ಸಿಂಗ್ ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘ ಅಂತ ಒಂದಿದೆ. ಅದು ಮಾಡುವ ಕೆಲಸ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನರ್ಸ್ ದಿನಾಚರಣೆಗೆ ರಂಗೋಲಿ ಹಾಕುವುದು, ಬಂದ ಅತಿಥಿಗೆ ಹಾರ ಹಾಕುವುದು, ಸ್ವಾಗತ ಗೀತೆ ಹಾಡುವುದು, ಫೋಟೋ ತೆಗೆಸಿಕೊಳ್ಳುವುದು. ಇಂಥ ಸಂಘಕ್ಕೆ ಕಾರ್ಯದರ್ಶಿಯಾಗುತ್ತೇನೆಂದು ಮೂರನೇ ವರ್ಷದ ನೇತ್ರಾ ಹಟ ಹಿಡಿದಾಗ ಗೆಳತಿಯರೇ ನಕ್ಕರು. ಒಂದು ಗೆರೆ ನೆಟ್ಟಗೆ ಎಳೆಯಲು ಬಾರದ ಹುಡುಗಿ ಅವಳು.

ಅವಳಿಗೆ ಬೇಕಾದದ್ದು ಒಂದೇ ನಿಯಮ. ವಾರ್ಡಿನಲ್ಲಿ ರೋಗಿಗೆ ಚುಚ್ಚಿದ ಸೂಜಿ ವಿದ್ಯಾರ್ಥಿಯ ಕೈಗೆ ಚುಚ್ಚಿಕೊಂಡರೆ ಬೈಯಬಾರದು, ಮುಚ್ಚಿಡಬಾರದು, ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ದು ಔಷಧ ಕೊಡಿಸಬೇಕು. ಅಷ್ಟೇ.

ಹಿಂದಿನ ವರ್ಷ ಅವಳಿಗೇ ಚುಚ್ಚಿತ್ತು. ಸಂಘವನ್ನು ನೋಡಿಕೊಳ್ಳುವ ಶೃತಿ ಮೇಡಂ ಕೆಟ್ಟವರೇನಲ್ಲ, ಪಾಠವನ್ನೂ ಚೆನ್ನಾಗಿ ಮಾಡುತ್ತಾರೆ. ಅಂದು ಮಾತ್ರ ಎಲ್ಲರೆದುರು ಎಗರಿಬಿದ್ದರು. "ಕಣ್ಣು ಎಲ್ಲಿಟ್ಟಿದ್ದಿ? ಕೈ ತೊಳಕೊ, ಸುಮ್ಮನಿರು. ಹೊರಗ ಗೊತ್ತಾದ್ರ ಕಾಲೇಜಿನ ಹೆಸರು ಕೆಡತೈತಿ."

ನೇತ್ರಾ ಕೈ ತೊಳೆದುಕೊಂಡು ಸುಮ್ಮನಾದಳು. ಆ ರೋಗಿಗೆ ಏನು ಕಾಯಿಲೆಯಿತ್ತೆಂದು ಕೇಳುವ ಧೈರ್ಯವೂ ಆಗಲಿಲ್ಲ. ಅನ್ನದಿಂದ ಎಚ್‌ಐವಿಯಂಥದ್ದು ಹರಡುವುದಿಲ್ಲವೆಂದು ಓದಿದ್ದರೂ ತನ್ನೂರು ಹಿರೇಹಂದಿಗೋಳದ ಮನೆಗೆ ಹೋದಾಗಲೆಲ್ಲ ಬೇರೆ ತಾಟು ಹಿಡಿದು ದೂರ ಕೂತು ಉಂಡಳು. ತಿಂಗಳುಗಟ್ಟಲೆ ಹೀಗೆ ನಡೆಯಿತು. ಕೊನೆಗೆ ಪಕ್ಕದ ಗದಗಿನಲ್ಲಾದರೆ ಯಾರಾದರೂ ಗುರುತಿನವರು ಕಂಡಾರೆಂದು ಮುಂಡರಗಿಯ ಬಸ್ಸು ಹತ್ತಿ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡಳು. ಏನೂ ಇರಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಯಿತು. ತಾನೇನು ಕಳವು ಮಾಡಿದ್ದೆನೆಂದು ಪರ ಊರಿಗೆ ಹೋಗಿ ತೋಳು ಚಾಚಬೇಕಾಯಿತು?

ಮೇಡಂ ಮನಸ್ಸಿನಲ್ಲಿ ಕಾರ್ಯದರ್ಶಿಯಾಗಿ ಇದ್ದವಳು ಅಂಕಿತಾ. ಮುಳಗುಂದದ ವ್ಯಾಪಾರಿ ಚನ್ನಬಸವಣ್ಣನವರ ಮಗಳು, ಹಾಡು ಚೆಂದ, ರಂಗೋಲಿ ಅದಕ್ಕಿಂತ ಚೆಂದ. ಇಬ್ಬರು ನಿಂತರೆ ಓಟು ಹಾಕಿಸಬೇಕು. ಆ ಕಾಲೇಜಿನಲ್ಲಿ ಅಂಥದ್ದು ಹಿಂದೆಂದೂ ಆಗಿರಲಿಲ್ಲ. ಮೇಡಂ ಗಾಬರಿಯಾಗಿ ಚನ್ನಬಸವಣ್ಣನವರಿಗೆ ಹೇಳಿದರು. ಸಾಹುಕಾರರಿಗೆ ಜಗಳ ಗೊತ್ತಿಲ್ಲ, ಫೋನು ಗೊತ್ತು. ನೇರ ಹಿರೇಹಂದಿಗೋಳಕ್ಕೆ, ನೇತ್ರಾಳ ಕಾಕಾ ಹೊಳೆಯಪ್ಪನಿಗೆ ಫೋನು ಹಚ್ಚಿದರು.

ಹೊಳೆಯಪ್ಪ ಗ್ರಾಮ ಪಂಚಾಯಿತಿ ಮೆಂಬರು, ಅದೂ ಅವಿರೋಧ ಆಯ್ಕೆಯಾದವನು. ನಮ್ಮ ಕಡೆ ಅವಿರೋಧ ಎಂದರೆ ಊರಿಗೇ ಹೆಮ್ಮೆ. ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂಡುತ್ತಾರೆ, ನಿಂತವರಲ್ಲಿ ಒಬ್ಬನ ಬೆನ್ನು ತಟ್ಟಿ ಹಿಂದಕ್ಕೆ ಸರಿಸುತ್ತಾರೆ, ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ಹಿಂದೆ ಸರಿದವನ ಫೋಟೋ ಮಾತ್ರ ಬರುವುದಿಲ್ಲ.

ಮರುದಿನ ಮೇಡಂ ಕೋಣೆಯಲ್ಲಿ ಪಂಚಾಯಿತಿ ಕೂಡಿತು. ಚನ್ನಬಸವಣ್ಣನವರು ಪೇಡೆಯ ಡಬ್ಬಿ ಮೊದಲೇ ತಂದಿದ್ದರು, ಇನ್ನು ಮಾತುಕತೆ ಎಲ್ಲಿಗೆ ಮುಟ್ಟುತ್ತದೆಂದು ಬೇರೆ ಹೇಳಬೇಕೆ?

"ನೇತ್ರವ್ವಾ, ಓಟಿಗೆ ಹೋದ್ರ ಮನಸ ಒಡೀತಾವ. ಇಷ್ಟು ಸಣ್ಣದಕ್ಕ ಯಾಕ ಹೊಡದಾಟ?" ಎಂದ ಹೊಳೆಯಪ್ಪ.

"ಸಣ್ಣದಲ್ಲ ಕಾಕಾ. ಸೂಜಿ ಚುಚ್ಚಿದ ಹುಡುಗ್ಯಾರ ಸಲುವಾಗಿ ನಿಂತೀನಿ ನಾನು."

"ಆ ಸೂಜಿ ಗೀಜಿ ಎಲ್ಲಾ ನಮ್ಮ ಅಂಕಿತಾ ನೋಡ್ಕೋತಾಳ ಬಿಡವಾ," ಎಂದು ಚನ್ನಬಸವಣ್ಣನವರು ನಕ್ಕರು. ಯಾವ ಸೂಜಿ ಎಂದು ತಿಳಿಯದೆಯೇ ಅಂಕಿತಾ ತಲೆಯಾಡಿಸಿದಳು.

"ಸಾವ್ಕಾರ್ರು ತಾವಾಗಿ ಬಂದಾರ. ನಾಳಿ ನಿನಗ ನೌಕರಿ ಬೇಕಂದ್ರ ಇಂಥವರ ಮಾತು ಬೇಕು. ಆತಲ್ಲ?" ಎಂದ ಹೊಳೆಯಪ್ಪ.

ಆಗಲಿಲ್ಲ, ನಾನು ಹಿಂದೆ ಸರಿಯುವುದಿಲ್ಲ ಎನ್ನಲು ನೇತ್ರಾ ಬಾಯಿ ತೆರೆದಳು. ತೆರೆದ ಬಾಯಿಗೆ ಕಾಕಾ ಪೇಡೆ ಇಟ್ಟುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬಾಯಿ ಸಿಹಿಯಾಯಿತೆಂದರೆ ನಮ್ಮಲ್ಲಿ ಮಾತು ಮುಗಿಯಿತು. ಮದುವೆಯೇ ಗಟ್ಟಿಯಾಗುತ್ತದೆ, ಸಂಘದ ಕಾರ್ಯದರ್ಶಿ ಯಾವ ಲೆಕ್ಕ? ಉಗುಳಿದರೆ ಹಿರಿಯರಿಗೆ ಅವಮಾನ, ನುಂಗಿದರೆ ಒಪ್ಪಿಗೆ. ನೇತ್ರಾ ನುಂಗಿದಳು. ಅಷ್ಟರಲ್ಲಿ ಫೋಟೋ ತೆಗೆದಾಗಿತ್ತು, ಅಂಕಿತಾಳಿಗೆ ಹಾರ ಬಿದ್ದಾಗಿತ್ತು. ಸೋತವಳಿಗೂ ಏನಾದರೂ ಕೊಡಬೇಕಲ್ಲ, ನೇತ್ರಾಳನ್ನು ರಂಗೋಲಿ ವಿಭಾಗದ ಮುಖ್ಯಸ್ಥೆ ಮಾಡಿದರು.

ಮೊದಲ ಸಭೆಯಲ್ಲಿ ಅವಳು ಸೂಜಿಯ ಮಾತೆತ್ತಿದಳು. ಅಂಕಿತಾ ಮೇಡಂ ಮುಖ ನೋಡಿದಳು, ಮೇಡಂ ಗೋಡೆಯ ಗಡಿಯಾರ ನೋಡಿ ಮುಂದಿನ ಸಭೆಗೆ ಇಟ್ಟುಕೊಳ್ಳೋಣ ಎಂದರು. ಮುಂದಿನ ಸಭೆಯೆಲ್ಲ ಸಮಾರಂಭಕ್ಕೆ ಯಾವ ಬಣ್ಣದ ಸೀರೆ ಎಂಬುದರಲ್ಲೇ ಮುಗಿಯಿತು. ಆಮೇಲೂ ಎರಡು ಮೂರು ಸಲ ಕೇಳಿ ನೋಡಿ ನೇತ್ರಾ ಕೇಳುವುದನ್ನೇ ಬಿಟ್ಟಳು. ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು, ತನ್ನ ಮೇಲೆ ತನಗೇ ಬೇಸರ ಬಂದಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ವಾರ್ಡಿನಲ್ಲಿ ಅಂಕಿತಾ ಅವಳ ತೋಳು ಹಿಡಿದು ನಲ್ಲಿಯ ಹತ್ತಿರ ಎಳೆದುಕೊಂಡು ಹೋದಳು. ಅವಳ ಬೆರಳ ತುದಿಯಲ್ಲಿ ರಕ್ತವಿತ್ತು.

"ಸೂಜಿಗೆ ಮುಚ್ಚಳ ಹಾಕುವಾಗ ಚುಚ್ಚಿತು. ಯಾರಿಗೂ ಹೇಳಬ್ಯಾಡ."

"ನಡಿ, ಡಾಕ್ಟರ ಕಡೆ ಹೋಗೂಣು."

"ಬ್ಯಾಡ! ನನ್ನ ಲಗ್ನದ ಮಾತು ನಡದೈತಿ. ಖಬರ ಮುಳಗುಂದಕ್ಕ ಮುಟ್ಟಿದ್ರ ಮುಗೀತು." ಅಂಕಿತಾ ದನಿ ತಗ್ಗಿಸಿದಳು. "ನಿನಗ ಚುಚ್ಚೈತಿ ಅಂತ ಹೇಳು. ಗುಳಿಗಿ ಇಸಕೊಂಡು ನನಗ ಕೊಡು. ನಿನಗ ಹೆಂಗೂ ಹಿಂದ ಒಮ್ಮಿ ಚುಚ್ಚೈತಲ್ಲ, ಯಾರೂ ಏನೂ ಅನ್ನೂದಿಲ್ಲ."

ನೇತ್ರಾಳ ಮೈಯೆಲ್ಲ ಉರಿದುಹೋಯಿತು. ಹಾರ ಇವಳಿಗೆ, ಫೋಟೋ ಇವಳಿಗೆ, ಬೈಗುಳ ಮಾತ್ರ ತನಗೆ! ಸಾಯಲಿ, ಬಿಟ್ಟು ಹೋಗಲೇ ಎನಿಸಿತು. ಆದರೆ ಹುಡುಗಿ ಅಳುತ್ತಾ ಬೆರಳನ್ನು ನಲ್ಲಿಯ ಕೆಳಗೆ ಹಿಡಿದೇ ಇದ್ದಳು, ಆ ಹೆದರಿಕೆ ನೇತ್ರಾಳಿಗೆ ಚೆನ್ನಾಗಿ ಗೊತ್ತಿತ್ತು. ಔಷಧವನ್ನು ತಡಮಾಡದೆ, ಹೆಚ್ಚೆಂದರೆ ಮೂರು ದಿನದೊಳಗೆ, ಶುರು ಮಾಡಬೇಕು. ಸುಳ್ಳು ಹೇಳಿದರೆ ಅಂಕಿತಾಳ ರಕ್ತವನ್ನು ಯಾರೂ ಪರೀಕ್ಷಿಸುವುದಿಲ್ಲ, ನಾಳೆ ಇನ್ನೊಬ್ಬಳೂ ಹೀಗೆಯೇ ನಲ್ಲಿಯ ಕೆಳಗೆ ಕೈ ಹಿಡಿದು ಅಳುತ್ತಾಳೆ.

ಅವಳು ಅಂಕಿತಾಳ ಮಣಿಕಟ್ಟು ಹಿಡಿದು ವಾರ್ಡಿನ ನಡುವೆ ತಂದು ನಿಲ್ಲಿಸಿದಳು. "ಡಾಕ್ಟರ್ರೀ! ನಮ್ಮ ಸಂಘದ ಕಾರ್ಯದರ್ಶಿಗೆ ಸೂಜಿ ಚುಚ್ಚೈತಿ. ಜಲ್ದಿ ಬರ್ರಿ!"

ಮಲಗಿದ್ದ ರೋಗಿಗಳೆಲ್ಲ ಎದ್ದು ಕೂತರು. ಶೃತಿ ಮೇಡಂ ಓಡಿ ಬಂದು, "ಮೆಲ್ಲಕ, ಮೆಲ್ಲಕ," ಎಂದರು.

"ಮೆಲ್ಲಕ ಹೇಳಿ ಹೇಳಿ ಸಾಕಾಗೈತ್ರಿ ಮೇಡಂ," ಎಂದಳು ನೇತ್ರಾ.

ಡಾಕ್ಟರು ಬಂದರು. ಅವರು ಬೈಯಲಿಲ್ಲ. ಅಂಕಿತಾಳ ರಕ್ತವನ್ನೂ ಆ ಸೂಜಿ ಚುಚ್ಚಿಸಿಕೊಂಡಿದ್ದ ರೋಗಿಯ ರಕ್ತವನ್ನೂ ಪರೀಕ್ಷೆಗೆ ಬರೆದರು, ಅಂಕಿತಾಳಿಗೆ ಅಲ್ಲೇ ಗುಳಿಗೆ ನುಂಗಿಸಿದರು. ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಎಲ್ಲ ಮುಗಿಯಿತು. ಅಂಕಿತಾ ಅಳುತ್ತಾ ಹೊರಗೆ ಹೋದಳು, ನೇತ್ರಾಳ ಕಡೆ ತಿರುಗಿಯೂ ನೋಡಲಿಲ್ಲ.

ನೇತ್ರಾ ಚಾದರ ಮಡಚುತ್ತಾ ನಿಂತಳು. ಎರಡನೇ ವರ್ಷದ ರೋಜಾ ಮೆಲ್ಲಗೆ ಹತ್ತಿರ ಬಂದಳು.

"ಅಕ್ಕಾ, ನನಗೂ ಚುಚ್ಚಿತ್ತು."

"ಯಾವಾಗ? ಈಗೇನು?"

"ಇಲ್ರಿ. ದೀಪಾವಳಿ ಮುಂದ."

ಈಗ ಹೋಳಿ ಹತ್ತಿರ ಬಂದಿತ್ತು. ಆ ಗುಳಿಗೆಯ ಹೊತ್ತು ಯಾವಾಗಲೋ ಮೀರಿತ್ತು, ಇನ್ನು ಪರೀಕ್ಷೆ ಮಾಡಿಸಿ ಫಲ ಕಾಯುವುದೊಂದೇ ಉಳಿದಿತ್ತು. ನೇತ್ರಾಳಿಗೆ ತಡೆಯಲಾಗಲಿಲ್ಲ. "ಇಷ್ಟು ದಿನ ಏನ ಮಾಡತಿದ್ದಿ? ಯಾರಿಗರ ಒಬ್ಬರಿಗೆ ಹೇಳಾಕ ಏನಾಗಿತ್ತು ನಿನಗ?"

ರೋಜಾ ತಲೆ ತಗ್ಗಿಸಿದಳು. "ನಿಮಗೇ ಹೇಳಬೇಕಂತ ಮಾಡಿದ್ದೆ ಅಕ್ಕಾ. ನೀವು ಎಲೆಕ್ಷನ್ ನಿಂತೀರಿ, ಆರಿಸಿ ಬರಲಿ, ಆಮ್ಯಾಲೆ ಹೇಳೂಣು ಅಂತ ಕಾದೆ. ಅಷ್ಟರಾಗ ನೀವು ಹಿಂದ ಸರದ್ರಿ."