ಕೇಂದ್ರದವರಿಗೆ ಇಲ್ಲೇನು ಕೆಲಸ?

ಹಲ್ಲಿನ ಡಾಕ್ಟರಮ್ಮ ಬಾಯಿ ತೆರೆಸಿ ನೋಡದೆ ಯಾವುದನ್ನೂ ನಂಬುವವರಲ್ಲ. ಊರಿನ ಶಾಲಾ ಸಮಿತಿಗೆ ಸೇರಿದ ಮೇಲೂ ಆ ಗುಣ ಅವರನ್ನು ಬಿಡಲಿಲ್ಲ. ಸಮಿತಿಯ ಅಧ್ಯಕ್ಷರು ಅವರ ಅಕ್ಕನ ಗಂಡ, ಮೇಜು ಕುರ್ಚಿ ಮಾಡಿಸಿ ಮಾರುವ ಅಂಗಡಿಯವರು. ಒಂದು ಭಾನುವಾರ ಊಟಕ್ಕೆ ಕೂತಾಗ ಭಾವ ಗುಡುಗಿದರು.

“ಕೇಂದ್ರ ಸರ್ಕಾರಕ್ಕೂ ನಮ್ಮೂರಿನ ಶಾಲೆಗೂ ಏನು ಸಂಬಂಧ? ಎಲ್ಲೋ ಕೂತ್ಕೊಂಡು ನಮಗೆ ಬುದ್ಧಿ ಹೇಳ್ತಾರೆ. ನಿಮ್ಮ ಕಾನೂನೂ ಬೇಡ, ನೀವೂ ಬೇಡ ಅಂತ ಈ ಸಲ ಠರಾವು ಮಾಡ್ಬಿಡೋಣ.”

“ಶಾಲೇಲಿ ಅವರದ್ದು ಅಂತ ಏನಿದೆ ಭಾವ?”

ಭಾವನ ತುತ್ತು ಬಾಯಿಯ ಹತ್ತಿರವೇ ನಿಂತಿತು. “ಏನೋ ಇದೆ. ತಲೆನೋವು ಇದೆ.”

ಆ ‘ಏನೋ’ ಡಾಕ್ಟರಮ್ಮನಿಗೆ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತಾಯಿತು. ಮರುದಿನ ಕ್ಲಿನಿಕ್ಕಿಗೆ ಬೀಗ ಹಾಕಿ ಶಾಲೆಗೆ ಹೊರಟರು.

ಅಲ್ಲೂ ಅದೇ ಪ್ರಶ್ನೆ ಕೇಳಿದ್ದಕ್ಕೆ ಹೆಡ್‌ಮಿಸ್ಸು ನಕ್ಕರು. “ಗೋಡೆ ಊರಿನದು, ಪುಸ್ತಕ ರಾಜ್ಯದ್ದು. ಕೇಂದ್ರದ್ದು ನೋಡ್ಬೇಕಾ? ಬನ್ನಿ.”

ತರಗತಿಯಲ್ಲಿ ಮೇಷ್ಟ್ರು ಶಬ್ದದ ಪಾಠ ಮಾಡುತ್ತಿದ್ದರು. ಹಲಗೆಯ ಪಕ್ಕ ನಿಂತಿದ್ದ ಇನ್ನೊಬ್ಬ ಶಿಕ್ಷಕಿ ತುಟಿ ಬಿಚ್ಚುತ್ತಿರಲಿಲ್ಲ. ಮೇಷ್ಟ್ರ ಮಾತನ್ನೆಲ್ಲ ಕೈಬೆರಳುಗಳಲ್ಲೇ ಹೇಳುತ್ತಿದ್ದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಆ ಕೈಗಳನ್ನೇ ನೋಡುತ್ತಿದ್ದಳು. ಅವಳಿಗೆ ಕಿವಿ ಕೇಳಿಸದು. ಬಂದವರು ಹಲ್ಲಿನ ಡಾಕ್ಟರು ಎಂದು ತಿಳಿದದ್ದೇ ತಡ, ಅವಳ ಕೈಗಳೂ ಚುರುಕಾದವು.

“ಹಲ್ಲು ಕೊರೆಯೋವಾಗ ಸದ್ದು ಬರುತ್ತಾ ಅಂತ ಕೇಳ್ತಿದಾಳೆ,” ಎಂದರು ಶಿಕ್ಷಕಿ.

“ಬರುತ್ತೆ. ಮೂಳೆಯಿಂದ ನೇರವಾಗಿ ತಲೆಯೊಳಗೇ ಹೋಗುತ್ತೆ.”

“ಹಾಗಾದ್ರೆ ನನಗೂ ಕೇಳಿಸುತ್ತಾ ಅಂತಾಳೆ.”

ಡಾಕ್ಟರಮ್ಮ ಪೆಚ್ಚಾದರು. ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. “ಗೊತ್ತಿಲ್ಲ ಮರೀ, ಓದಿ ನೋಡಿ ಹೇಳ್ತೀನಿ.”

ಹೊರಗೆ ಬಂದು ಹೆಡ್‌ಮಿಸ್ಸನ್ನು ವಿಚಾರಿಸಿದರೆ, ಹುಡುಗಿಯ ದೊಡ್ಡಮ್ಮ ಭಾವನ ಅಂಗಡಿಯಲ್ಲೇ ಮರಕ್ಕೆ ಪಾಲಿಶ್ ಹಾಕುವಾಕೆ! ಆಕೆಗೂ ಕಿವಿ ಕೇಳಿಸದು, ಅಕ್ಷರವೂ ಬಾರದು.

“ಇವಳು ಇಷ್ಟು ಚೂಟಿ. ಅವರಿಗ್ಯಾಕೆ ಏನೂ ಕಲಿಸಲಿಲ್ಲ?”

“ಯಾವ ಮಗುವನ್ನೂ ಶಾಲೆಯಿಂದ ಹೊರಗಿಡಬಾರದು ಅನ್ನೋ ಕೇಂದ್ರದ ಕಾನೂನು ಆಗ ಇರಲಿಲ್ಲ. ಒಂದು ಮಗುವಿಗೋಸ್ಕರ ಬೇರೆ ಟೀಚರ್ ಎಲ್ಲಿಂದ ತರೋದು ಅಂತ ಆಗಿನ ಸಮಿತಿ ಮನೆಗೆ ಕಳಿಸ್ತು. ಕೆಟ್ಟವರೇನಲ್ಲ ಪಾಪ. ಊರಿಗೊಂದು ಇಂಥ ಮಗು ಇದ್ರೆ ಯಾವ ಊರೂ ಲೆಕ್ಕಕ್ಕೆ ಹಿಡಿಯಲ್ಲ. ಇಡೀ ದೇಶ ನೋಡೋರಿಗೆ ಆ ಒಂದೊಂದೇ ಸೇರಿ ಸಾವಿರಾರು ಆಗ್ತವೆ. ಈ ಟೀಚರನ್ನ ಸುತ್ತಲಿನ ಊರುಗಳಿಗೆಲ್ಲ ಸೇರಿಸಿ ಕೇಂದ್ರದವರೇ ಕೊಟ್ಟಿದ್ದು.”

ಸಮಿತಿಯ ಸಭೆಯಲ್ಲಿ ಡಾಕ್ಟರಮ್ಮ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಭಾವ ಸುಲಭಕ್ಕೆ ಬಗ್ಗಲಿಲ್ಲ. “ನಮ್ಮ ಮಕ್ಕಳು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತಾ? ಅವರು ಕೇಳೋ ವರದಿ ಬರೆದೂ ಬರೆದೂ ಹೆಡ್‌ಮಿಸ್ಸಿನ ಕೈ ಬಿದ್ದುಹೋಗಿದೆ.”

“ವರದಿ ಕಮ್ಮಿ ಮಾಡಿ ಅಂತ ಬರೆಯೋಣ, ನಾನೇ ಮೊದಲು ಸಹಿ ಹಾಕ್ತೀನಿ. ಪಾಠ ಹೇಗಿರಬೇಕು ಅಂತ್ಲೂ ನಾವೇ ಜಗಳ ಆಡೋಣ. ಆದ್ರೆ ಈ ಮಗು ನಮ್ಮ ಶಾಲೆಗೆ ಬೇಡ ಅನ್ನೋ ಅಧಿಕಾರ ಮಾತ್ರ ನಮ್ಮ ಕೈಗೆ ಬರೋದು ಬೇಡ ಭಾವ. ನಿಮ್ಮ ಅಂಗಡೀಲಿ ಪಾಲಿಶ್ ಹಾಕೋರನ್ನ ಚಿಕ್ಕವರಿದ್ದಾಗ ಶಾಲೆಯಿಂದ ಮನೆಗೆ ಕಳಿಸಿದ್ದೂ ನಮ್ಮಂಥ ಒಳ್ಳೆಯವರೇ.”

ಭಾವ ಪೆನ್ನು ಕೈಗೆತ್ತಿಕೊಂಡರು. ವರದಿಯ ಮಾತಷ್ಟೇ ಉಳಿಸಿಕೊಂಡು ಠರಾವು ತಿದ್ದಿದರು.

ಆ ವಾರ ಅವರೇ ಶಾಲೆಗೆ ಹೋಗಿ ಶಿಕ್ಷಕಿಯನ್ನು ಕೇಳಿದರಂತೆ: “ದೊಡ್ಡವರಿಗೂ ಕಲಿಸ್ಬಹುದಾ?” ಶಿಕ್ಷಕಿ ಒಪ್ಪಿದರು. ಶನಿವಾರ ಮಧ್ಯಾಹ್ನ, ವಾರ್ನಿಶ್ ವಾಸನೆಯ ಅಂಗಡಿಯಲ್ಲಿ ದೊಡ್ಡಮ್ಮ, ಹುಡುಗಿ, ಶಿಕ್ಷಕಿ, ಭಾವ ಒಂದು ಮೇಜಿನ ಸುತ್ತ ಕೂತರು. ನೋಡದೆ ಇರಲಾಗದೆ ಡಾಕ್ಟರಮ್ಮನೂ ಬಂದರು. ಪಾಠದ ನಡುವೆ ದೊಡ್ಡಮ್ಮ ಭಾವನ ಕಡೆ ತಿರುಗಿ, ಎರಡೂ ಕೈಯಲ್ಲಿ ದೊಡ್ಡ ಹೊಟ್ಟೆಯೊಂದನ್ನು ಗಾಳಿಯಲ್ಲಿ ಬರೆದು ಏನನ್ನೋ ಹೇಳಿದಳು. ಹುಡುಗಿ ಬಿದ್ದು ಬಿದ್ದು ನಕ್ಕಳು.

“ಏನಂತೆ?” ಎಂದರು ಭಾವ.

ಶಿಕ್ಷಕಿ ಹುಡುಗಿಯನ್ನು ವಿಚಾರಿಸಿ, ನಗು ತಡೆದುಕೊಂಡು ಹೇಳಿದರು, “ಅದು ನಿಮ್ಮ ಹೆಸರಂತೆ ಸಾರ್. ಅವರ ಮನೇಲಿ ಎಲ್ಲರೂ ನಿಮ್ಮನ್ನ ಹಾಗೇ ಕರೆಯೋದಂತೆ.”