ಮೂವತ್ತೊಂದನೆಯ ಪುಟ

ಕಂಪೌಂಡರ್ ಅಂದರೆ ಮಾತ್ರೆ ಎಣಿಸಿ ಪೊಟ್ಟಣ ಕಟ್ಟುವವನು ಎಂದು ತಿಳಿದವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬೈಲಹೊಂಗಲದ ನಮ್ಮ ಡಾಕ್ಟರ ದವಾಖಾನೆಯಲ್ಲಿ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಸೂಜಿ ಹಾಕಿದ್ದೇನೆ, ಗಾಯ ಹೊಲಿದಿದ್ದೇನೆ, ಸಲೈನ್ ಏರಿಸಿದ್ದೇನೆ. ಡಾಕ್ಟರು ಚೀಟಿಯ ಮೇಲೆ ಏನೋ ಗೀಚಿ ಕಳಿಸುವರು. ಅದನ್ನು ಓದಬಲ್ಲವನು ಆ ಊರಿನಲ್ಲಿ ನಾನೊಬ್ಬನೇ. ಆದರೂ ಬೋರ್ಡಿನ ಮೇಲೆ ಅವರ ಹೆಸರು, ವಾಸಿಯಾದವರ ನಮಸ್ಕಾರವೂ ಅವರಿಗೇ.

ನನಗೆ ಸೂಜಿ ಹಿಡಿಯುವುದನ್ನು ಕಲಿಸಿದವನು ಮಲ್ಲಿಕಸಾಬ. ನಮ್ಮ ಡಾಕ್ಟರ ತಂದೆ ದೊಡ್ಡ ಡಾಕ್ಟರು ಇದ್ದ ಕಾಲದ ಕಂಪೌಂಡರ್ ಅವನು. ಕೊಟ್ಟ ಔಷಧವನ್ನು ಕೊಟ್ಟ ಗಳಿಗೆಯಲ್ಲೇ ಬರೆದಿಡಬೇಕು, ತಪ್ಪಾಗಿದ್ದರೆ ತಪ್ಪನ್ನೂ ಬರೆಯಬೇಕು ಎಂದು ದೊಡ್ಡ ಡಾಕ್ಟರು ಅವನಿಗೆ ಬಡಿದು ಬಡಿದು ಕಲಿಸಿದ್ದರು. ಅವರು ತೀರಿಕೊಂಡ ಮೇಲೆ ಮಲ್ಲಿಕಸಾಬ ತನ್ನೂರು ಹೂಲಿಗೆ ಹೋಗಿ ಒಂದು ಖೋಲಿಯಲ್ಲಿ ತಾನೇ ದವಾಖಾನೆ ತೆರೆದ. ಬೋರ್ಡು ಹಾಕಲಿಲ್ಲ, ಹಾಕುವ ಹಕ್ಕು ಅವನಿಗಿರಲಿಲ್ಲ. ಹೂಲಿಯವರಷ್ಟೇ ಅಲ್ಲ, ಉಗರಗೋಳದವರೂ ಸವದತ್ತಿಯ ಡಾಕ್ಟರರನ್ನು ಬಿಟ್ಟು ಅವನ ಬಾಗಿಲಿಗೆ ಬರುತ್ತಿದ್ದರು. ಅವನ ಕೈಗುಣ ಹಾಗಿತ್ತು. ನನಗೆ ಅವನ ಮೇಲೆ ಪ್ರೀತಿಯೂ ಇತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ತೊಂಬತ್ತೊಂಬತ್ತರಲ್ಲಿ ನಾವು ಸಂಘ ಕಟ್ಟಿದೆವು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆಯ ಕಂಪೌಂಡರುಗಳು ಸವದತ್ತಿಯಲ್ಲಿ ಸೇರಿದೆವು. ರಾಮದುರ್ಗದ ಪರಸಪ್ಪ ಅಧ್ಯಕ್ಷ, ನಾನು ಕಾರ್ಯದರ್ಶಿ. ನಮ್ಮ ಬೇಡಿಕೆ ಒಂದೇ. ಹತ್ತು ವರ್ಷ ಡಾಕ್ಟರರ ಕೈಕೆಳಗೆ ದುಡಿದವರಿಗೆ ಸರಕಾರ ಪರೀಕ್ಷೆ ಇಡಲಿ. ಪಾಸಾದವರು ಯಾವ ಡಾಕ್ಟರರ ಹೆಸರಿನ ನೆರಳೂ ಇಲ್ಲದೆ, ತಮ್ಮದೇ ಹೆಸರಿನಲ್ಲಿ ರೋಗಿಗಳನ್ನು ನೋಡಲಿ. ಪರಸಪ್ಪ ಮೇಜು ಗುದ್ದಿ ಭಾಷಣ ಮಾಡಿದ. ಮಲ್ಲಿಕಸಾಬ ಹಿಂದಿನ ಸಾಲಿನಲ್ಲಿ ಕೂತು ಕೇಳಿದ, ಚಪ್ಪಾಳೆ ಮಾತ್ರ ತಟ್ಟಲಿಲ್ಲ.

ಈ ವಿಷಯ ನಮ್ಮ ಡಾಕ್ಟರರಿಗೆ ಹೇಗೆ ಹೇಳುವುದೆಂದು ನಾನು ಒಂದು ವಾರ ಒದ್ದಾಡಿದೆ. ಹೇಳಿದರೆ ಅವರು ಸಿಟ್ಟಾಗಲಿಲ್ಲ, ಕುರ್ಚಿ ತೋರಿಸಿ ಕೂರಿಸಿದರು. ಇಪ್ಪತ್ತು ವರ್ಷದಲ್ಲಿ ಅವರೆದುರು ನಾನು ಕೂತದ್ದು ಅದೇ ಮೊದಲು. ಬರೀ ಮನವಿ ಕೊಟ್ಟರೆ ಕಸದ ಬುಟ್ಟಿಗೆ ಹೋಗುತ್ತದೆ, ಪುರಾವೆ ಬೇಕು ಎಂದರು. ಪ್ರತಿಯೊಬ್ಬನೂ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಬರೆಯಲಿ: ಯಾವ ಊರು, ಎಷ್ಟು ವರ್ಷ, ಯಾರ ಸೂಚನೆಯೂ ಇಲ್ಲದೆ ತಾನೊಬ್ಬನೇ ಯಾವ ಯಾವ ರೋಗ ನೋಡಿದ, ಏನೇನು ಸೂಜಿ ಕೊಟ್ಟ. ಕೆಟ್ಟ ಕೇಸುಗಳನ್ನೂ ಬರೆಯಬೇಕು, ಇಲ್ಲವಾದರೆ ಯಾರೂ ನಂಬುವುದಿಲ್ಲ. ನಮೂನೆಯನ್ನು ಅವರೇ ಬಾಯಿಬಿಟ್ಟು ಹೇಳಿ ನನ್ನಿಂದ ಬರೆಸಿದರು.

ಕೊನೆಗೆ, "ನಿಂದು ಈಗ ಬ್ಯಾಡೋ ಬಾಳೂ, ಕಾರ್ಯದರ್ಶಿದು ಕಡೀಕ ಕೊಡೂಣು," ಎಂದರು.

ನಾವು ಒಪ್ಪಿಗೆ ಕೇಳಲು ಹೊರಟವರು, ಒಪ್ಪಿಗೆ ಇಲ್ಲದೆ ಮಾಡಿದ್ದನ್ನೆಲ್ಲ ಪಟ್ಟಿ ಮಾಡಿ ಸಹಿ ಹಾಕಿ ಸರಕಾರಕ್ಕೇ ಕೊಡಲು ತಯಾರಾದೆವು. ನಲವತ್ತು ಮಂದಿಯಲ್ಲಿ ಒಬ್ಬನಿಗೂ ಇದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಇಡೀ ಆಯುಷ್ಯ ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದವರು ನಾವು. ಡಾಕ್ಟರು ಹೇಳಿಕೊಟ್ಟ ನಮೂನೆ ಅಂದಮೇಲೆ ಯಾರೂ ಎರಡನೇ ಮಾತು ಆಡಲಿಲ್ಲ.

ಹೊಳೆದದ್ದು ಇಬ್ಬರಿಗೇ, ಮಲ್ಲಿಕಸಾಬನಿಗೆ ಮತ್ತು ಅವನ ಹೆಂಡತಿ ಜುಬೇದಾಬಿಗೆ. ಕಾಗದ ಕೇಳಲು ನಾನು ಹೂಲಿಗೆ ಹೋದಾಗ ಆಕೆ ಚಹಾ ಕೊಟ್ಟು, ಬಾಗಿಲಲ್ಲೇ ನಿಂತು ನೇರವಾಗಿ ಹೇಳಿದಳು.

"ಬಾಳೇಶಣ್ಣಾ, ಬಾಯಿಲೆ ಹೇಳಿದ್ದು ಗಾಳಿಗೆ ಹೋಗತೈತಿ. ಬರದದ್ದು ಎಲ್ಲಿ ಹೋಗತೈತೋ ಯಾರಿಗೆ ಗೊತ್ತು. ನಮ್ಮನ್ನ ಬಿಟ್ಟಬಿಡ್ರಿ."

ನಾನು ಬಿಡಲಿಲ್ಲ. ಮೂರು ಸಲ ಹೋದೆ. ನಿನ್ನಂಥವನ ಕಾಗದವೇ ಇಲ್ಲದಿದ್ದರೆ ನಮ್ಮ ಕಾಗದಗಳ ಕಟ್ಟಿಗೆ ತೂಕವಿಲ್ಲ ಎಂದೆ. ಸಾಯುವುದರೊಳಗೆ ನಿನ್ನ ಬಾಗಿಲ ಮೇಲೆ ನಿನ್ನ ಹೆಸರಿನ ಬೋರ್ಡು ನೋಡಬೇಕಣ್ಣಾ ಎಂದೆ. ಆ ಮಾತಿಗೆ ಅವನು ತಲೆ ಎತ್ತಿದ. ಎಲ್ಲಿ ಚುಚ್ಚಿದರೆ ನಾಟುತ್ತದೆ ಎಂಬುದು ನಮ್ಮ ಕಸುಬಿನವರಿಗೆ ಗೊತ್ತಿರುತ್ತದೆ.

ಎಂಟು ದಿನದ ಮೇಲೆ ಅವನೇ ಬೈಲಹೊಂಗಲಕ್ಕೆ ಬಂದು ಕಾಗದ ಕೊಟ್ಟ. ಇಂಗ್ಲಿಷ್, ಕನ್ನಡ, ಔಷಧದ ಮೊಟಕು ಅಕ್ಷರಗಳು, ಎಲ್ಲ ಕಲಸಿದ ಕಂಪೌಂಡರ್ ಬರವಣಿಗೆ. ಹೆರಿಗೆ, ಹಾವು ಕಡಿತ, ವಾಂತಿಭೇದಿ. ಬದುಕಿದವರೇ ಎಲ್ಲ. ಕಟ್ಟಕಡೆಗೆ ಒಂದು ಕೇಸು ಇತ್ತು. ಅದನ್ನು ಎರಡು ಸಲ ಓದಿದೆ.

ತೊಂಬತ್ತನಾಲ್ಕರಲ್ಲಿ ಮಾಳಪ್ಪನ ಮಗಳು ರಾಚವ್ವ ಸತ್ತದ್ದು ಹೂಲಿಗೆಲ್ಲ ಗೊತ್ತಿತ್ತು. ತಾಯಿಯಿಲ್ಲದ ಹುಡುಗಿ, ಹತ್ತೊಂಬತ್ತು ವಯಸ್ಸು. ಜ್ವರ ನೆತ್ತಿಗೇರಿ ಹೋದಳು ಎಂದು ಮಲ್ಲಿಕಸಾಬ ಹೇಳಿದ್ದ, ಊರು ನಂಬಿತ್ತು. ಕಾಗದ ಬೇರೆಯೇ ಹೇಳುತ್ತಿತ್ತು. ಪೆನ್ಸಿಲಿನ್ ಕೊಡುವ ಮೊದಲು ಮುಂಗೈಗೆ ಒಂದು ಹನಿ ಚುಚ್ಚಿ ಅರ್ಧ ಗಂಟೆ ಕಾಯಬೇಕು. ಚರ್ಮ ಕೆಂಪಗೆ ಉಬ್ಬಿದರೆ ಆ ಸೂಜಿ ಕೊಡಬಾರದು. ಅವನು ಅವತ್ತು ಕಾದಿರಲಿಲ್ಲ.

ಇದನ್ನ ತೆಗೆದುಬಿಡು ಎಂದು ನಾನು ಹೇಳಬೇಕಿತ್ತು. ಯಾಕೆ ಬರೆದೆ ಎಂದಷ್ಟೇ ಕೇಳಿದೆ.

"ಕೆಟ್ಟ ಕೇಸೂ ಬರೀರಿ ಅಂದೀರಲ್ಲ. ಐದು ವರ್ಷ ಆತು, ಮಾಳಪ್ಪ ದಿನಾ ಮುಂಜಾನೆ ಬಂದು ನನ್ನ ಬಾಜೂಕ ಕುಂತು ಚಹಾ ಕುಡೀತಾನ. ಅವಗ ಹೇಳಾಕ ನನಗ ಬಾಯಿ ಬರವಲ್ದು. ಎಲ್ಲರೆ ಒಂದ ಕಡೆ ಬರದಿರಲಿ."

ಆ ಪುಟ ಕಟ್ಟಿನಲ್ಲಿ ಇರಲಿ ಎಂದು ನಾನೇ ತೀರ್ಮಾನಿಸಿದೆ. ಅದೊಂದರಿಂದ ಉಳಿದ ಕಾಗದಗಳೆಲ್ಲ ನಿಜವಾಗಿ ಕಾಣುತ್ತವೆ ಎಂದುಕೊಂಡೆ. ನನ್ನ ಜಾಣತನಕ್ಕೆ ಬೆಂಕಿ ಹಚ್ಚಬೇಕು. ನಮ್ಮ ಡಾಕ್ಟರು ಕಟ್ಟನ್ನು ಒಂದು ಸಂಜೆ ಇಟ್ಟುಕೊಂಡು ಓದಿ, ಪುಟಗಳಿಗೆ ಕೆಂಪು ಶಾಯಿಯಲ್ಲಿ ನಂಬರು ಹಾಕಿ ಕೊಟ್ಟರು. ರಾಮದುರ್ಗದ ಪರಸಪ್ಪನದು ಒಂದು, ಮಲ್ಲಿಕಸಾಬನದು ಮೂವತ್ತೊಂದು. ಆರೋಗ್ಯ ಇಲಾಖೆಯ ಆಫೀಸಿನಲ್ಲಿ ಅದನ್ನು ತೆಗೆದುಕೊಂಡ ಗುಮಾಸ್ತ ಹಾಳೆ ತಿರುವಿ, ಇದನ್ನೆಲ್ಲ ನೀವ ನೀವ ಬರದೀರೇನು ಎಂದು ಎರಡು ಸಲ ಕೇಳಿದ. ಹೌದೆಂದೆ, ಹೆಮ್ಮೆಯಿಂದಲೇ. ಅವನು ನನ್ನ ಮುಖ ನೋಡಿ ಶಿಕ್ಕಾ ಒತ್ತಿದ.

ಆಮೇಲೆ ವರ್ಷಗಟ್ಟಲೆ ಸದ್ದಿಲ್ಲ. ಸಭೆಗಳಿಗೆ ಬರುವವರು ಕಡಿಮೆಯಾದರು. ಒಂದು ದಿನ ಹಳೆಯ ಎಕ್ಸರೇ ಹುಡುಕಲು ಡಾಕ್ಟರ ಕಪಾಟು ತೆರೆದೆ. ನಮ್ಮ ಕಟ್ಟಿನ ಝೆರಾಕ್ಸ್ ಪ್ರತಿ ಪೂರ್ತಿ ಅಲ್ಲಿತ್ತು. ಒಂದಿಷ್ಟು ಹೆಸರುಗಳ ಕೆಳಗೆ ಗೆರೆ ಎಳೆದಿದ್ದರು. ಅವೆಲ್ಲ ನಮ್ಮ ರೋಗಿಗಳನ್ನು ಸೆಳೆದವರ ಹೆಸರುಗಳೇ. ಮೂವತ್ತೊಂದನೆಯ ಪುಟದ ಮೂಲೆ ಮಡಚಿತ್ತು. ನಾನು ಕಪಾಟು ಮುಚ್ಚಿ ಎಕ್ಸರೇ ಒಯ್ದು ಕೊಟ್ಟೆ. ಆ ಭಾನುವಾರ ಹೂಲಿಗೆ ಹೋಗಿ ಚಹಾ ಕುಡಿದು, ಅದೂ ಇದೂ ಮಾತಾಡಿ, ಹೇಳದೇ ಬಂದೆ. ನನ್ನ ಹೊಟ್ಟೆ ಡಾಕ್ಟರ ಕೈಯಲ್ಲಿತ್ತು. ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಖಾಸಗಿ ದವಾಖಾನೆಗಳ ಮೇಲೆ ಹೊಸ ಕಾಯ್ದೆ ಬಂತು. ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ರಾಮದುರ್ಗದ ಪರಸಪ್ಪನ ಖೋಲಿಗೆ ಬೀಗ ಬಿತ್ತು ಎಂಬ ಸುದ್ದಿ ಬಂತು. ಮರುವಾರ ಅಲ್ಲೇ ಇನ್ನಿಬ್ಬರು. ಆಮೇಲೆ ಕಿತ್ತೂರಿನಲ್ಲಿ ಐವರು. ಜನ ಏನೇನೋ ಕಾರಣ ಹೇಳಿದರು. ನಾನು ಮಾತ್ರ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದೆ. ಬೀಗ ಹಾಕುವ ಅಧಿಕಾರಿಗಳು ಪುಟದ ನಂಬರಿನಂತೆ ಬರುತ್ತಿದ್ದರು. ಇಪ್ಪತ್ತೆಂಟು ಆದ ದಿನ ಊಟ ಬಿಟ್ಟು ಎದ್ದೆ. ಬಸ್ಸು ಹತ್ತಿ ಹೂಲಿಗೆ ಹೋದೆ.

ಎಲ್ಲವನ್ನೂ ಹೇಳಿದೆ. ಝೆರಾಕ್ಸಿನದನ್ನೂ ಹೇಳಿದೆ. ಜುಬೇದಾಬಿ ಒಳಗೆ ಅಳುತ್ತಿದ್ದಳು. ಹುಬ್ಬಳ್ಳಿಯ ಬೀಗರ ಮನೆಗೆ ಹೋಗು ಎಂದೆ. ಮಲ್ಲಿಕಸಾಬ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ನಾ ಹ್ವಾದರ ಆ ಕಾಗದ ಹೋಗತೈತೇನು? ಬೀಗ ಹಾಕಿದ್ರ ಹಾಕ್ಲಿ. ಮಾಳಪ್ಪಗ ಅದು ಬ್ಯಾರೇದವರ ಬಾಯಿಲೆ ಗೊತ್ತಾಗಬಾರದು ನೋಡು, ಅಷ್ಟ."

ಹಾಗಾದರೆ ನೀನೇ ಮೊದಲು ಹೇಳು ಎಂದೆ. ನಾಳೆ ಹೇಳತೇನಿ ಎಂದ. ಮಾರನೆಯ ದಿನ ಮಾಳಪ್ಪ ಬಂದು ಕೂತ, ಚಹಾ ಕುಡಿದ, ಎದ್ದು ಹೋದ. ಹೀಗೆ ನಾಲ್ಕು ಮುಂಜಾನೆಗಳು ಹೋದವು ಎಂದು ಜುಬೇದಾಬಿ ಆಮೇಲೆ ನನಗೆ ಹೇಳಿದಳು.

ಐದನೆಯ ದಿನ ನಮ್ಮ ಡಾಕ್ಟರು ನನ್ನನ್ನು ಕರೆದರು. ಆರೋಗ್ಯ ಇಲಾಖೆಯ ಸಾಹೇಬರ ಜೀಪು ಹೂಲಿಗೆ ಹೊರಟಿದೆ, ಔಷಧಗಳನ್ನು ಗುರುತಿಸಲು ಕಲಿತವನೊಬ್ಬ ಬೇಕಂತೆ, ನೀ ಹೋಗು ಎಂದರು. ನಾನು ನಿಂತಲ್ಲೇ ನಿಂತಿದ್ದನ್ನು ಅವರು ನೋಡಿದರು.

"ನಿನ್ನ ಕಾಗದ ಆ ಕಟ್ಟಿನ್ಯಾಗ ಇಲ್ಲ ಬಾಳೂ. ಯಾಕ ಇಲ್ಲ ಅಂತ ವಿಚಾರ ಮಾಡು," ಎಂದರು, ಮೆತ್ತಗೆ.

ನಾನು ಜೀಪು ಹತ್ತಿದೆ.

ಮಲ್ಲಿಕಸಾಬ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಮಾಳಪ್ಪ ಎಂದಿನಂತೆ ಬೆಂಚಿನ ಮೇಲಿದ್ದ. ಸಾಹೇಬರಿಗೆ ಸಾಕ್ಷಿಗೆ ಊರಿನ ಇಬ್ಬರು ಪಂಚರು ಬೇಕಿತ್ತು. ಕಣ್ಣಿಗೆ ಬಿದ್ದ ಹಿರಿಯನೆಂದು ಮಾಳಪ್ಪನನ್ನೇ ಕೂರಿಸಿದರು. ಇನ್ನೊಬ್ಬ ಅಂಗಡಿಯ ಸಂಗಪ್ಪ. ನಾನು ಕಪಾಟಿನ ಒಂದೊಂದೇ ಬಾಟಲಿ ಎತ್ತಿ ಹೆಸರು ಹೇಳಿದೆ, ಗುಮಾಸ್ತ ಬರೆದುಕೊಂಡ. ಎಲ್ಲವೂ ಒರೆಸಿ ಸಾಲಾಗಿ ಜೋಡಿಸಿದ್ದವು, ನನಗೆ ಅವನು ಕಲಿಸಿದ ಹಾಗೆಯೇ. ಮಲ್ಲಿಕಸಾಬ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಆಮೇಲೆ ಸಾಹೇಬರು ಮೂವತ್ತೊಂದನೆಯ ಪುಟ ತೆಗೆದರು. ಅದರ ಕೊನೆಯ ಕೇಸನ್ನು ಪಂಚರ ಮುಂದೆ ಓದಿಸಬೇಕೆಂದು ಬೈಲಹೊಂಗಲದ ಡಾಕ್ಟರು ಹೇಳಿದ್ದಾರೆ, ಈ ಅಕ್ಷರ ನನಗೆ ತಿಳಿಯುವುದಿಲ್ಲ ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟರು.

ಅಲ್ಲಿ ಅದನ್ನು ಓದಬಲ್ಲವರು ಇಬ್ಬರೇ, ನಾನು ಮತ್ತು ಅವನು. ನಾನು ಓದಿದೆ. ಉಗರಗೋಳದ ಒಬ್ಬ ಮುದುಕ, ಚಳಿಜ್ವರ, ಮೂರು ದಿನ ಮಾತ್ರೆ, ಗುಣವಾಯಿತು. ಅಂಥ ಮುದುಕ ಇರಲೇ ಇಲ್ಲ. ಗುಮಾಸ್ತ ಬರೆದುಕೊಳ್ಳತೊಡಗಿದ. ಮಲ್ಲಿಕಸಾಬನನ್ನು ಬದುಕಿಸಿದೆ ಎಂದುಕೊಂಡೆ.

"ಬಾಳೇಶ," ಎಂದ ಮಲ್ಲಿಕಸಾಬ. "ಅದಲ್ಲ ಬರದದ್ದು. ಇದ್ದದ್ದು ಓದು."

ನಾನು ಬೇಡವೆಂದು ಕಣ್ಣಲ್ಲೇ ಬೇಡಿಕೊಂಡೆ. ಅವನು ಮಾಳಪ್ಪನ ಕಡೆ ತಿರುಗಿ ನಿಂತ. ಸಾಹೇಬರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಓದಿದೆ.

"ರಾಚವ್ವ, ಮಾಳಪ್ಪನ ಮಗಳು. ಗಂಟಲು ಬಾವು, ಜ್ವರ. ಎರಡು ತಿಂಗಳ ಹಿಂದೆ ಇದೇ ಸೂಜಿ ತಡೆದಿದ್ದಳು, ಅದಕ್ಕೆ ಪರೀಕ್ಷೆ ಮಾಡದೆ ಕೊಟ್ಟೆ. ಹನ್ನೊಂದು ಇಪ್ಪತ್ತಕ್ಕೆ. ಐದು ನಿಮಿಷಕ್ಕೆ ತುಟಿ ಬಾತವು. ನೀರು ಕೇಳಿದಳು. ಹನ್ನೊಂದು ನಲವತ್ತಕ್ಕೆ ಉಸಿರು ನಿಂತಿತು. ಜ್ವರದಿಂದ ಅಲ್ಲ. ನನ್ನ ಕೈಯಿಂದ ಆದದ್ದು."

ಮಾಳಪ್ಪ ಅಂದರೆ ಯಾರು ಎಂದು ಸಾಹೇಬರು ಕೇಳಿದರು. ಮಾಳಪ್ಪ ತನ್ನ ಅಂಗೈಗಳನ್ನು ನೋಡುತ್ತ ಕೂತಿದ್ದ.

"ಸಾಬಣ್ಣಾ, ನೀರು ಬೇಡಿದ್ಲು ಅಂತ ಬರದೀಯಲ್ಲ. ಕೊಟ್ಟಿಯೇನು?"

"ಕೊಟ್ಟೆ. ಒಳಗ ಇಳೀಲಿಲ್ಲ."

ಮಾಳಪ್ಪ ತಲೆಯಾಡಿಸಿದ. ಗುಮಾಸ್ತ ಶಾಯಿಯ ಡಬ್ಬಿ ಮುಂದಿಟ್ಟಾಗ ಎಡಗೈ ಹೆಬ್ಬೆಟ್ಟನ್ನು ತಾನೇ ಅದ್ದಿ ಕಾಗದಕ್ಕೆ ಒತ್ತಿ, ಎದ್ದು ಮನೆಗೆ ಹೋದ. ಮಲ್ಲಿಕಸಾಬನನ್ನು ಜೀಪಿನಲ್ಲಿ ನನ್ನ ಪಕ್ಕದಲ್ಲೇ ಕೂರಿಸಿದರು. ಸವದತ್ತಿ ಬರುವ ತನಕ ಅವನ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು.

ಈಗ ಹೂಲಿಯವರು, ಉಗರಗೋಳದವರು ಬಸ್ಸು ಹಿಡಿದು ನಮ್ಮ ದವಾಖಾನೆಗೇ ಬರುತ್ತಾರೆ. ಸಾಲು ರಸ್ತೆಯ ತನಕ ಇರುತ್ತದೆ. ಡಾಕ್ಟರು ಕಿತ್ತೂರಿನಲ್ಲಿ ಇನ್ನೊಂದು ದವಾಖಾನೆ ತೆರೆದರು, ವಾರಕ್ಕೆ ನಾಲ್ಕು ದಿನ ಅಲ್ಲೇ. ಆ ನಾಲ್ಕು ದಿನ ಇಲ್ಲಿ ನೋಡುವವನು ನಾನು. ಅವರು ಮೊದಲೇ ಸಹಿ ಮಾಡಿಟ್ಟ ಖಾಲಿ ಚೀಟಿಗಳಲ್ಲಿ ಔಷಧ ಬರೆಯುವವನೂ ನಾನೇ. ಇದಕ್ಕೆ ಯಾವ ಜೀಪೂ ಬರುವುದಿಲ್ಲ.

ಕಳೆದ ಮಂಗಳವಾರ ಮಾಳಪ್ಪ ಬಂದ. ಮಗನ ಮಗಳು ಮಾಲಾ ಅವನ ಹೆಗಲ ಮೇಲೆ ಮಲಗಿದ್ದಳು. ಏಳೆಂಟು ವರ್ಷದ ಹುಡುಗಿ, ಮೈ ಕೆಂಡದಂತಿತ್ತು, ಗಂಟಲು ಬಾತಿತ್ತು. ಹೊರಗೆ ಐವತ್ತು ಮಂದಿ ಗದ್ದಲ ಮಾಡುತ್ತಿದ್ದರು. ಮಾಳಪ್ಪ ನನ್ನ ಗುರುತು ಹಿಡಿದನೋ ಇಲ್ಲವೋ ತಿಳಿಯಲಿಲ್ಲ. ಒಳಗಿನ ಕೋಣೆಯ ಪರದೆಯನ್ನೇ ನೋಡುತ್ತ ಕೇಳಿದ.

"ಡಾಕ್ಟರ್ರು ಅದಾರಲ್ರಿ? ಓದಿದವರ ಕೈಯಾಗ ತೋರಸ್ಬೇಕಂತ ಇಲ್ಲೀತನಕಾ ಬಂದೇನ್ರಿ."

ಪರದೆಯ ಹಿಂದೆ ಖಾಲಿ ಕುರ್ಚಿ ಇತ್ತು.

"ಅದಾರ," ಎಂದೆ. "ಕುಂಡ್ರಿ."

ಅವನು ಹುಡುಗಿಯ ತೋಳಿನ ಅಂಗಿಯನ್ನು ಮೇಲೆ ಸರಿಸಿ ಹಿಡಿದ. ನಾನು ಸೂಜಿಗೆ ಪೆನ್ಸಿಲಿನ್ ತುಂಬಿಕೊಂಡೆ.