ಬಣ್ಣ ಹತ್ತದ ಕಣ್ಣು

ಲ್ಯಾಪ್‌ಟಾಪಿನ ಪರದೆಯ ಮೇಲಿದ್ದ, ಹೋಳಿಯ ಬಣ್ಣ ಮೆತ್ತಿದ ನೇರಳೆ ಮುಖಕ್ಕೆ ಬೆರಳಿಟ್ಟು ಚನ್ನಕ್ಕ ಮಗಳು ಶೈಲಾಗೆ ಹೇಳಿದಳು, "ಇವರಽ ನಿಮ್ಮಪ್ಪ. ಇದನ್ನಽ ದೊಡ್ಡದು ಮಾಡಿಸು."

ಪಕ್ಕದಲ್ಲಿ ಕೂತಿದ್ದ, ಗಂಡನ ಕಾರ್ಖಾನೆಯ ಗೆಳೆಯ ಸಂಗಣ್ಣ ಕನ್ನಡಕ ಏರಿಸಿದ. "ವೈನಿ, ಸಿಟ್ಟಾಗಬ್ಯಾಡ್ರಿ. ಅದು ನಾನು."

ಪೀಣ್ಯದ ಆ ವಠಾರದ ಅಂಗಳದಲ್ಲಿ, ಜಗುಲಿಗೆ ಎದುರಾಗಿ, ಚನ್ನಕ್ಕನ ಗಂಡ ಮುದಕಪ್ಪನ ಶವವನ್ನು ಪದ್ಧತಿಯಂತೆ ಕೂರಿಸಿದ್ದರು. ಎಪ್ಪತ್ತೊಂದರ ಮನುಷ್ಯ; ನಿನ್ನೆ ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಅಳುವವರೆಲ್ಲ ಬೆಳಗಾಗುವಷ್ಟರಲ್ಲಿ ಅತ್ತು ಮುಗಿಸಿದ್ದರು. ಮುಂದಿಡಲು ಫೋಟೋ ಮಾತ್ರ ಇರಲಿಲ್ಲ. ವಠಾರದ ಇಪ್ಪತ್ತಾರು ಹೋಳಿಗಳನ್ನು, ಪ್ಲಾಸ್ಟಿಕ್ ಚೀಲ ಸುತ್ತಿದ ಕ್ಯಾಮೆರಾದಲ್ಲಿ ಹಿಡಿದವನು ತಾನು ಯಾರ ಚಿತ್ರಕ್ಕೂ ಸಿಕ್ಕಿರಲಿಲ್ಲ.

"ಆಧಾರ್ ಫೋಟೋನೇ ಹಾಕ್ಸೋಣಮ್ಮ," ಎಂದಳು ಶೈಲಾ. "ಸ್ಟುಡಿಯೋದವ್ರು ಕಾಯ್ತಿದ್ದಾರೆ."

"ಅದರಾಗ ಕಳ್ಳನ್ನ ಹಿಡಕೊಂಡು ಬಂದಂಗ ಕಾಣ್ತಾರ. ನಾಳಿಂದ ಆ ಮೋತಿ ನೋಡಕೋತ ಉಣ್ಣಾಕಿ ನಾನು, ನೀ ಅಲ್ಲ."

"ಅಂಗಿ ನೋಡ್ರಿ ವೈನಿ," ಸಂಗಣ್ಣ ಬಿಡಲಿಲ್ಲ. "ನೀಲಿ ಅಂಗಿ, ಎದಿ ಮ್ಯಾಲ ಕಂಪನಿ ಗುರುತು."

"ಹೋಳಿಗೆ ಎಲ್ಲಾರೂ ಹಳೇ ಯೂನಿಫಾರ್ಮಽ ಹಾಕೋತಿದ್ರಿ."

ಅದು ನಿಜ. ಒಂದೇ ಕಾರ್ಖಾನೆ, ಒಂದೇ ಅಂಗಿ, ಒಂದೇ ಬಗೆಯ ಮೀಸೆ. ಹೀಗಾಗಿ ವಠಾರದ ಭದ್ರಮ್ಮ ಒಂದು ವರ್ಷ ಪೂರ್ತಿ ಪಕ್ಕದ ಮನೆಯವನ ಹೋಳಿ ಫೋಟೋವನ್ನು ತನ್ನ ಗಂಡನದೆಂದು ಟಿವಿಯ ಮೇಲೆ ಇಟ್ಟುಕೊಂಡಿದ್ದಳು.

"ನನ್ನ ಮೋತಿಗೆ ಹಾರ ಬಿದ್ದದ್ದು ಗೊತ್ತಾದ್ರ, ನಮ್ಮಾಕಿ ಊರಿಂದ ಅಳಕೋತ ಬರತಾಳ್ರಿ," ಎಂದ ಸಂಗಣ್ಣ. ಸುತ್ತಲಿನವರು ನಕ್ಕರು.

ಚನ್ನಕ್ಕ ನಗಲಿಲ್ಲ. ಅದು ತನ್ನ ಗಂಡನೇ ಎಂದು ಅವಳಿಗೆ ಗೊತ್ತಿತ್ತು. ಹೇಗೆ ಗೊತ್ತು ಎಂಬುದು ನಾಲ್ಕು ಜನರ ಮುಂದೆ ಹೇಳುವಂಥದ್ದಾಗಿರಲಿಲ್ಲ.

\*

ಐದು ವರ್ಷದ ಹಿಂದಿನ ಹೋಳಿ. ಅಂಗಳವೆಲ್ಲ ಬಣ್ಣದ ಕೆಸರು, ಮಾತು ಕೇಳದಷ್ಟು ಹಲಗೆ ಬಾರಿಸುವ ಸದ್ದು. ಮುದಕಪ್ಪ ನೀರಿನ ತೊಟ್ಟಿಯ ಮರೆಯಲ್ಲಿ ನಿಂತು ಗುಂಪಿನತ್ತ ಕ್ಯಾಮೆರಾ ಹಿಡಿದಿದ್ದ. ಯಾರು ಹತ್ತಿರ ಬಂದರೂ "ಕ್ಯಾಮೆರಾ ಐತಿ, ಮುಟ್ಟಬ್ಯಾಡ" ಎನ್ನುತ್ತಿದ್ದವನಿಗೆ, ಹಿಂದಿನಿಂದ ಬಂದ ಹೆಜ್ಜೆ ಕೇಳಲಿಲ್ಲ. ಚನ್ನಕ್ಕ ಎರಡೂ ಅಂಗೈಯಿಂದ ಅವನ ಮುಖಕ್ಕೆ ನೇರಳೆ ಬಳಿದಳು. ಅಷ್ಟಾದರೂ ಅವನು ಕಣ್ಣಿನಿಂದ ಕ್ಯಾಮೆರಾ ತೆಗೆಯಲಿಲ್ಲ. ಆ ಚಿತ್ರ ಮುಗಿಸಿಯೇ ತಿರುಗಿದ. ಅವಳು ಕ್ಯಾಮೆರಾ ಕಸಿದುಕೊಂಡಳು.

"ಯಾವ ಗುಂಡಿ ಒತ್ತೂದ್ರಿ?"

"ಮ್ಯಾಲಿಂದು. ಅಲುಗಾಡಬ್ಯಾಡ."

ಒತ್ತುವಾಗ ಅವನು ನಗುತ್ತಿದ್ದ. ಯಾರಿಗೂ ತೋರಿಸಬೇಡಿ ಎಂದಳು. ಅವನು ತೋರಿಸಲಿಲ್ಲ, ಅಳಿಸಲೂ ಇಲ್ಲ.

\*

"ಫೋಟೋ ಬಂತೇನ್ರವ್ವಾ?" ಕ್ರಿಯೆ ಮಾಡಿಸಲು ಬಂದಿದ್ದ ಸಿದ್ದಲಿಂಗಯ್ಯ ಅಂಗಳದಿಂದ ಕೇಳಿದರು.

"ಆಧಾರ್‌ದೇ ಕಳಿಸ್ತೀನಿ," ಎನ್ನುತ್ತ ಶೈಲಾ ಫೋನ್ ತೆಗೆದಳು.

ಚನ್ನಕ್ಕ ಅವಳ ಕೈ ಹಿಡಿದಳು. "ಬಲಗಣ್ಣ ಸುತ್ತ ದೊಡ್ಡದು ಮಾಡಿ ನೋಡು."

ಶೈಲಾ ದೊಡ್ಡದು ಮಾಡಿದಳು. ಇಡೀ ಮುಖ ನೇರಳೆ. ಬಲಗಣ್ಣಿನ ಸುತ್ತ ಮಾತ್ರ ಬಣ್ಣ ಸೋಕದ ಚರ್ಮ.

"ಅಲ್ಲಿ ಕ್ಯಾಮೆರಾ ಇತ್ತು," ಎಂದಳು ಚನ್ನಕ್ಕ. "ಹಿಂದಿಂದ ಹೋಗಿ ಹಚ್ಚಿದಾಕಿ ನಾನು. ಫೋಟೋ ಹೊಡದಾಕಿನೂ ನಾನು." ಸೆರಗು ಬಾಯಿಗೆ ಹೋಯಿತು.



"ಅರವತ್ತು ದಾಟಿದ ಮ್ಯಾಲೇನ್ರಿ ವೈನಿ," ಎಂದ ಸಂಗಣ್ಣ.

ನಗು ಅಡುಗೆಮನೆಯವರೆಗೂ ಹೋಯಿತು. ಶೈಲಾ ಕಣ್ಣೊರೆಸಿಕೊಂಡು ಸ್ಟುಡಿಯೋಕ್ಕೆ ನೇರಳೆ ಮುಖವನ್ನೇ ಕಳಿಸಿದಳು.

"ಅಲ್ಲಾ, ಮತ್ತ ನಾ ಎಲ್ಲಿ ಅದೀನಿ?" ಸಂಗಣ್ಣ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡು ಒಂದು ಹಸಿರು ಮುಖ ತೋರಿಸಿದ. ಅದು ನಮ್ಮವರು ಎಂದು ಭದ್ರಮ್ಮ ಜಗಳಕ್ಕೆ ಬಂದಳು. ಅಂಗಳದಲ್ಲಿದ್ದವರೂ ಒಬ್ಬೊಬ್ಬರಾಗಿ ಜಗುಲಿ ಹತ್ತಿದರು.

"ಹೊತ್ತಾತು, ಏಳ್ರಿ," ಸಿದ್ದಲಿಂಗಯ್ಯ ಎರಡು ಸಲ ಕರೆದು, ಕೊನೆಗೆ ತಾವೂ ಬಂದು ಇಣುಕಿದರು. ಇಪ್ಪತ್ತು ಜನ ಒಬ್ಬರ ಹೆಗಲ ಮೇಲೊಬ್ಬರು ಬಾಗಿ ನಗುತ್ತಿದ್ದರು. ಎದುರಿಗೆ, ಹತ್ತು ಹೆಜ್ಜೆಯಾಚೆ, ಮುದಕಪ್ಪ ತಲೆ ತುಸು ವಾಲಿಸಿ ಕೂತಿದ್ದ, ಅಂಚಿನಲ್ಲಿ ನಿಂತ ಇಬ್ಬರು ಇನ್ನಷ್ಟು ಫೋಟೋದೊಳಗೆ ಸರಿಯಲಿ ಎಂದು ಕಾಯುವವನಂತೆ.